ಪಕ್ಷದ ಪೇಪರ್ ಓದಿ ಅಡಿಕೆ ಮಾರಿದ್ದು: ನನ್ನ ಅನುಭವ

"ಆ ಕಡೆಯವರದ್ದೂ ಓದ್ತೀಯ, ಈ ಕಡೆಯವರದ್ದೂ ಓದ್ತೀಯ, ಕೊನೆಗೆ ಮಂಡಿಯವರನ್ನೇ ಕೇಳ್ತೀಯ" ಅಂತ ನಮ್ಮ ಭಾವ ಮೂರು ವರ್ಷ ನನ್ನನ್ನು ಆಡಿಕೊಂಡ. ಮೊನ್ನೆ ಅವನೇ ಜಗಲಿ ಮೇಲೆ ಕೂತು, "ಆ ನೋಟ್‌ಬುಕ್ ಎರಡು ದಿನ ಕೊಡು ಮಾರಾಯ" ಅಂದ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನನಗೆ ತೀರ್ಥಹಳ್ಳಿ ಕಡೆ ನಾಲ್ಕು ಎಕರೆ ತೋಟ. ವರ್ಷಕ್ಕೆ ಇಪ್ಪತ್ತೈದು ಕ್ವಿಂಟಾಲ್ ಆಸುಪಾಸು ರಾಶಿ ಇಡಿ (ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆ) ಆಗುತ್ತದೆ. ಬೆಳೆಯುವುದು ನಿಮಗೆಲ್ಲ ಗೊತ್ತು, ಅದು ಬೇಡ. ಯಾವಾಗ ಮಾರುವುದು ಅನ್ನುವುದರಲ್ಲೇ ನಾನು ದುಡ್ಡು ಕಳೆದದ್ದು. ಕಳೆದದ್ದು ಸುದ್ದಿ ನಂಬಿ.

2022ರ ಸೆಪ್ಟೆಂಬರ್ ಕೊನೆಯಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರ (ಇದಕ್ಕಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ ಅನ್ನುವ ಮಿತಿ) ಇಲ್ಲದೆ ತರಿಸಲು ಕೇಂದ್ರ ಒಪ್ಪಿತಲ್ಲ, ಆಗ ಮನೆಯಲ್ಲಿ ಹದಿನೆಂಟು ಕ್ವಿಂಟಾಲ್ ಇತ್ತು. ರೇಟು ಕ್ವಿಂಟಾಲಿಗೆ ಐವತ್ತು ಸಾವಿರದ ಹತ್ತಿರ. ನಾನು ಓದುತ್ತಿದ್ದ ಪೇಪರ್, ನೋಡುತ್ತಿದ್ದ ಚಾನೆಲ್ ಎರಡೂ ಕೇಂದ್ರ ಸರ್ಕಾರದ ಪರ. "ಇದು ಸಮುದ್ರಕ್ಕೆ ಒಂದು ಹನಿ, ರೈತರು ಹೆದರಬೇಕಿಲ್ಲ" ಅಂದವು. ವಿರೋಧ ಪಕ್ಷದ ಕಡೆಯವರು ಮಾರುಕಟ್ಟೆ ಮುಳುಗಿಯೇ ಹೋಯ್ತು ಅಂತ ಬಾಯಿ ಬಡಿದುಕೊಂಡರು. ನಾನು ನಮ್ಮವರನ್ನು ನಂಬಿ ಅಟ್ಟದ ಮೇಲೇ ಇಟ್ಟೆ. ಡಿಸೆಂಬರ್‌ನಲ್ಲಿ ಸೊಸೈಟಿ ಸಾಲದ ಕಂತು ಬಂತು. 40 ಸಾವಿರದ ಒಳಗೆ ಕೊಟ್ಟೆ. ಸುಮಾರು ಒಂದೂಮುಕ್ಕಾಲು ಲಕ್ಷ ಹೋಯಿತು.

ತಮಾಷೆ ಏನು ಗೊತ್ತಾ? ಆ ಪೇಪರ್ ಸುಳ್ಳು ಹೇಳಿರಲಿಲ್ಲ. 17,000 ಟನ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಉಳಿಯುವುದು ಎರಡು ಮೂರು ಸಾವಿರ ಟನ್. ದೇಶದ ಬೆಳೆ ಹತ್ತು ಲಕ್ಷ ಟನ್ ದಾಟುತ್ತದೆ. ಹನಿ ಅಂದದ್ದು ಸರಿಯೇ. "ಹೆದರಬೇಕಿಲ್ಲ" ಅನ್ನುವುದು ಮಾತ್ರ ಅವರ ಪಕ್ಷದ ಮಾತು. ನಾನು ಎರಡನ್ನೂ ಒಂದೇ ಗುಟುಕಿಗೆ ಕುಡಿದೆ. ರೇಟು ಬಿದ್ದದ್ದು ಭೂತಾನ್ ಅಡಿಕೆಗಿಂತ ಜಾಸ್ತಿ ಭೂತಾನ್ ಅನ್ನೋ ಹೆಸರಿಗೆ.

ಆಮೇಲೆ ಶುರು ಮಾಡಿದ್ದು ಸುದ್ದಿ ಬರೆದಿಟ್ಟು ತೂಗುವ ಈ ನೋಟ್‌ಬುಕ್. ಮೊದಮೊದಲು ಪೂರ್ತಿ ದಂಡ. ಪ್ರತಿ ಪೇಪರ್‌ಗೆ, ಚಾನೆಲ್‌ಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಟ್ಟೆ. ಒಂದು ಪೇಪರ್ ಚುನಾವಣೆ ವಿಷಯದಲ್ಲಿ ಹತ್ತಕ್ಕೆ ಎರಡು. ಅದರ ಒಳಪುಟದ ಮಂಡಿ ವರದಿಗಾರ ಹತ್ತಕ್ಕೆ ಒಂಬತ್ತು. ಸರಾಸರಿ ತೆಗೆದರೆ ಐದೂವರೆ. ಐದೂವರೆ ಇಟ್ಟುಕೊಂಡು ಏನು ಮಾಡೋದು? ಪುಟ ಹರಿದು ಒಲೆಗೆ ಹಾಕಿದೆ. ಈಗ ಹೆಸರಿಗೆ ಮಾರ್ಕ್ಸ್ ಇಲ್ಲ, ವಿಷಯಕ್ಕೆ ಮಾತ್ರ.

ಎರಡು ಇಂಕು ಇಟ್ಟೆ. ಎಣಿಸಿ, ತೂಗಿ, ಕಾಗದ ತೋರಿಸಿ ಹೇಳಬಹುದಾದದ್ದು ನೀಲಿ. ಆಗುತ್ತದೆ, ಆಗಬಹುದು, ಐತಿಹಾಸಿಕ, ಮರಣ ಶಾಸನ ಇವೆಲ್ಲ ಕೆಂಪು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ದರವನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಒಂದು ಪೇಪರ್‌ನ ಅರ್ಧ ಪುಟದ ಸುದ್ದಿಯಲ್ಲಿ ನೀಲಿ ಬಿದ್ದದ್ದು ಎರಡೇ ಸಾಲಿಗೆ. ಇನ್ನೊಂದು ಕಡೆಯವರದ್ದರಲ್ಲೂ ಎರಡೇ ಸಾಲು. ಆದರೆ ಆ ಎರಡು ಸಾಲು ಬೇರೆ!

ಇಲ್ಲೇ ನನಗೆ ದಾರಿ ಸಿಕ್ಕಿದ್ದು. ಪರ ಇದ್ದವರು 351 ಅಂತ ಬರೆದು ನಿಲ್ಲಿಸಿದ್ದರು. ವಿರೋಧ ಇದ್ದವರು, ವಿಶೇಷ ಆರ್ಥಿಕ ವಲಯದ (ರಫ್ತಿಗೆಂದೇ ಮಾಡಿದ ಜಾಗದ) ಘಟಕಗಳಿಗೆ ಈ ದರದಿಂದ ವಿನಾಯಿತಿ ಇದೆ ಅಂತ ದೊಡ್ಡದಾಗಿ ಹಾಕಿದ್ದರು. ನಾನು ವಿದೇಶ ವ್ಯಾಪಾರ ನಿರ್ದೇಶನಾಲಯದ ಅಧಿಸೂಚನೆಯನ್ನೇ ತೆಗೆಸಿ, ಮಗಳ ಹತ್ತಿರ ಓದಿಸಿದೆ. ಒಂದೇ ಪುಟ. ವಿನಾಯಿತಿ ಇತ್ತು, ನಿಜ. ಹಾಗೆ ತಂದದ್ದನ್ನು ದೇಶದೊಳಗೆ ಮಾರುವಂತಿಲ್ಲ ಅಂತಲೂ ಅದೇ ವಾಕ್ಯದಲ್ಲಿತ್ತು. ಅದನ್ನು ಇಬ್ಬರೂ ಬಿಟ್ಟಿದ್ದರು. ಅವತ್ತಿನಿಂದ ಒಂದು ಕಡೆಯವರು ಬಿಟ್ಟದ್ದನ್ನು ಇನ್ನೊಂದು ಕಡೆಯವರಲ್ಲಿ ಹುಡುಕುತ್ತೇನೆ. ಇಬ್ಬರೂ ಬಿಟ್ಟದ್ದನ್ನು ಮೂಲ ಕಾಗದದಲ್ಲಿ. ಪಕ್ಷದ ಪೇಪರ್ ಬೇಡ ಅನ್ನುವವರಿಗೆ ನನ್ನ ಉತ್ತರ ಇದೇ. ಎದುರಾಳಿಯ ಹುಳುಕು ಹುಡುಕೋಕೆ ಅವರಷ್ಟು ಕಷ್ಟ ಪಡುವವರು ಯಾರಿದ್ದಾರೆ? ಪುಕ್ಕಟೆ ಕೂಲಿ.

ಇನ್ನೊಂದು ಲೆಕ್ಕ ಹಾಕಿದೆ. 351ರ ಮೇಲೆ ಸಾಮಾನ್ಯ ಸುಂಕ ನೂರಕ್ಕೆ ನೂರು. ಅಲ್ಲಿಗೆ ಏಳು ನೂರು ದಾಟಿತು. ನಮ್ಮ ಮಂಡಿಯಲ್ಲಿ ಆಗ ನಾನೂರು ಚಿಲ್ಲರೆ. ನ್ಯಾಯವಾಗಿ ಸುಂಕ ಕಟ್ಟಿ ತರುವವನು ಹುಚ್ಚ. ಅಂದರೆ ಇವರಿಬ್ಬರೂ ಮುಂಬಾಗಿಲ ಬೀಗಕ್ಕೆ ಜಗಳ ಆಡುತ್ತಿದ್ದರು, ಮಾಲು ಬರುತ್ತಿದ್ದದ್ದು ಬೇಲಿ ಹಾರಿ. ಆಗಿನಿಂದ ನಾನು ಜಾಸ್ತಿ ನೋಡುವುದು ಮಿಜೋರಾಂ, ಅಸ್ಸಾಂ ಕಡೆ ಕಳ್ಳದಾರಿಯಲ್ಲಿ ಬಂದ ಮ್ಯಾನ್ಮಾರ್ ಅಡಿಕೆ ಹಿಡಿದ ಸಣ್ಣ ಸುದ್ದಿಗಳನ್ನು. ಗಡಿ ಕಾಯುವ ಅಸ್ಸಾಂ ರೈಫಲ್ಸ್‌ನವರು ಎಷ್ಟು ಮೂಟೆ ಹಿಡಿದರು ಅಂತ ಹೇಳುವಾಗ ನಮ್ಮ ಶಿವಮೊಗ್ಗ ರಾಜಕೀಯ ಅವರಿಗೆ ಯಾಕೆ ಬೇಕು? ಆ ಸುದ್ದಿ ಹೇಗೆ ಬಳಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ತನ್ನ ಕಡೆಗೇ ಪೆಟ್ಟು ಬೀಳುವ ಮಾತಿಗೆ ನಾನು ತೂಕ ಜಾಸ್ತಿ ಕೊಡುತ್ತೇನೆ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಮ್ಮ ಶಾಸಕರು, ಆಗ ಗೃಹ ಸಚಿವರು, ಆರಗ ಜ್ಞಾನೇಂದ್ರ ಅವರು ಅಡಿಕೆಗೆ ಭವಿಷ್ಯ ಇಲ್ಲ ಅನ್ನುವ ಮಾತಾಡಿದರಲ್ಲ. ಆ ತುಣುಕು ಎಲ್ಲರ ಫೋನಿಗೂ ಬಂತು, ಬೈಗುಳದ ಜೊತೆ. ಅವರು ಹೇಳುತ್ತಿದ್ದದ್ದು ಬಯಲುಸೀಮೆಗೆಲ್ಲ ಅಡಿಕೆ ಹಬ್ಬುತ್ತಿರುವುದರ ಬಗ್ಗೆ. ಚುನಾವಣೆಗೆ ಐದು ತಿಂಗಳು ಇರುವಾಗ ಅಡಿಕೆ ಬೆಳೆಗಾರರ ಓಟಿನಲ್ಲೇ ಗೆಲ್ಲಬೇಕಾದವರು ಅಂಥ ಮಾತು ಆಡಿದರೆ ಅದರಲ್ಲಿ ಏನೋ ಇದೆ ಅಂತ ಬರೆದುಕೊಂಡೆ. ಅದೇ ಮಾತನ್ನು ಎದುರು ಪಕ್ಷದವರು ಹೇಳಿದ್ದರೆ ಪುಟ ತಿರುಗಿಸಿ ಮುಂದೆ ಹೋಗುತ್ತಿದ್ದೆ.

ಮಧ್ಯೆ ಒಂದು ಆಟವನ್ನೂ ಆಡಿದೆ. ಪೇಪರ್ ತುಣುಕುಗಳಲ್ಲಿ ನಾಯಕರ, ಪಕ್ಷದ ಹೆಸರಿಗೆಲ್ಲ ವೈಟ್ನರ್ ಹಚ್ಚಿ, ಭಾನುವಾರ ಜಗಲಿಯಲ್ಲಿ ಓದುವುದು. ಭಾವ ಒಂದು ಪಕ್ಷ, ಚಿಕ್ಕಪ್ಪನ ಮಗ ಇನ್ನೊಂದು. "ದರ ಏರಿಸಿದ್ದು ಸಾಲದು, ಕಳ್ಳ ಸಾಗಣೆ ನಿಲ್ಲಿಸಬೇಕು" ಅಂತ ಒಂದು ತುಣುಕು ಓದಿದೆ. "ನೂರಕ್ಕೆ ನೂರು ಸರಿ, ನಮ್ಮೋರೇ ಹೇಳಿರಬೇಕು" ಅಂದ ಭಾವ. ಉಗುರಿನಿಂದ ವೈಟ್ನರ್ ಕೆರೆದು ತೋರಿಸಿದೆ. ಕಾಫಿ ಲೋಟ ಕೆಳಗಿಟ್ಟು, "ಚುನಾವಣೆ ಬಂತು ಅಂತ ಹೇಳಿದ್ದಾನೆ ಬಿಡು" ಅಂದ. ನಗಬೇಡಿ. ಇಪ್ಪತ್ತು ತುಣುಕಿನಲ್ಲಿ ಏಳೆಂಟಕ್ಕೆ ಹೆಸರು ಕಂಡ ಮೇಲೆ ನನ್ನ ಅಭಿಪ್ರಾಯವೂ ಬದಲಾಗಿತ್ತು. ಆ ವೈಟ್ನರ್ ಬಾಟಲಿಗೆ ಕೊಟ್ಟ ಮೂವತ್ತು ರೂಪಾಯಿಯಷ್ಟು ಲಾಭ ಇನ್ಯಾವುದರಲ್ಲೂ ಬಂದಿಲ್ಲ.

ದಂಡ ಆದದ್ದೂ ಇದೆ. ಭೂತಾನ್ ಅಡಿಕೆ ನಿಜವಾಗಿ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಅರ್ಜಿಯನ್ನು ಬೇರೆ ಕಚೇರಿಗೆ ವರ್ಗಾಯಿಸಲಾಗಿದೆ ಅಂತ ಪತ್ರ ಬಂತು, ಅಲ್ಲಿಗೆ ಕಥೆ ಮುಗಿಯಿತು. ವಾಣಿಜ್ಯ ಸಚಿವಾಲಯದ ಆಮದು ರಫ್ತು ಅಂಕಿ-ಅಂಶದ ಪುಟದಲ್ಲಿ ಅಡಿಕೆಯ ಸಂಕೇತ ಸಂಖ್ಯೆ 080280 ಅಂತ ಹಾಕಿದರೆ ದೇಶವಾರು ಲೆಕ್ಕ ಸುಮ್ನೆ ಸಿಗುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ. ಎರಡು ಕಡೆಯ ಪೇಪರ್ ತರಿಸುವುದಕ್ಕೆ ತಿಂಗಳಿಗೆ ನಾನೂರರ ಮೇಲೆ ಆಗುತ್ತದೆ. ಹೆಂಡತಿಯ ತಕರಾರು ಇನ್ನೂ ನಿಂತಿಲ್ಲ.

ಫಲ ಸಿಕ್ಕಿದ್ದು 2024ರ ಲೋಕಸಭಾ ಚುನಾವಣೆ ಹೊತ್ತಿಗೆ. ನಮ್ಮಲ್ಲಿ ಮೇ 7ಕ್ಕೆ ಮತದಾನ. ಮಾರ್ಚ್‌ನಿಂದಲೇ "ಚುನಾವಣೆ ಮುಗಿದ ಕೂಡಲೇ ಆಮದು ಪೂರ್ತಿ ತೆರೆಯುತ್ತಾರೆ" ಅಂತ ಕಂಟೇನರ್ ಫೋಟೋ ಸಮೇತ ಸುದ್ದಿ ಓಡಾಡಿತು. ಫೋಟೋವನ್ನು ಗೂಗಲ್‌ಗೆ ಹಾಕಿ ಹುಡುಕಿದರೆ ಹಳೆಯದು, ಯಾವಾಗಲೋ ಬಂದರಿನಲ್ಲಿ ಹಿಡಿದ ಮಾಲಿನದ್ದು. ಸುದ್ದಿಯಲ್ಲಿ ನೀಲಿ ಇಂಕಿಗೆ ಒಂದು ಪದವೂ ಸಿಗಲಿಲ್ಲ. ಅಧಿಸೂಚನೆ ಇಲ್ಲ. ಸರ್ಕಾರದ ಪರ ಇದ್ದ ಪೇಪರ್ ಅದನ್ನು ಅಲ್ಲಗಳೆಯಲೂ ಇಲ್ಲ. ಆ ಮೌನ ಯಾವಾಗ ಒಳ್ಳೆಯದು, ಯಾವಾಗ ಕೆಟ್ಟದ್ದು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ಒಂದೂಮುಕ್ಕಾಲು ಲಕ್ಷ ಫೀಸು ಕಟ್ಟಿದ್ದೇನೆ.

ಕೇರಿಯಲ್ಲಿ ನಾಲ್ಕೈದು ಮನೆಯವರು 47 ಸಾವಿರದ ಆಸುಪಾಸಿಗೆ ಕೊಟ್ಟರು. ಭಾವನೂ ಕೊಟ್ಟ. "ನೀನು ಓದ್ತಾ ಕೂತಿರು, ಅಡಿಕೆಗೆ ಹುಳ ಬೀಳುತ್ತೆ" ಅಂದ. ನಾನು ಮೇ ಕೊನೆಗೆ ಮುಕ್ಕಾಲು ಪಾಲನ್ನು 52 ಸಾವಿರದ ಮೇಲೆ ಬಿಟ್ಟೆ. ಅವರ ರೇಟಿಗೆ ಕೊಟ್ಟಿದ್ದರೆ ಬರುತ್ತಿದ್ದದ್ದಕ್ಕಿಂತ ಹತ್ತಿರ ಹತ್ತಿರ ಒಂದು ಲಕ್ಷ ಹೆಚ್ಚು ಬಂತು. 2022ರ ಗುಂಡಿ ಪೂರ್ತಿ ತುಂಬಿಲ್ಲ, ಅರ್ಧ ತುಂಬಿತು.

ನೋಟ್‌ಬುಕ್ ಭಾವನಿಗೆ ಕೊಟ್ಟೆ. ಕೊನೆಯ ಆರು ಪುಟಕ್ಕೆ ಸ್ಟೇಪ್ಲರ್ ಪಿನ್ ಹೊಡೆದು ಕೊಟ್ಟೆ. ಅದೇ ರಾತ್ರಿ ಫೋನ್ ಬಂತು: "ಆ ಪಿನ್ ತೆಗೀಬಹುದಾ?"