ಮನೆಯಿಂದಲೇ ಫೋನಿನಲ್ಲಿ ಗ್ರಾಹಕರನ್ನು ಹುಡುಕುವುದು ಹೇಗೆ?

ಮನೆಯ ಒಂದು ಕೋಣೆಯಲ್ಲಿ ಮೇಜು ಹಾಕಿಕೊಂಡು ಮಾರ್ಕೆಟಿಂಗ್ ಸಲಹೆಯ ಕೆಲಸ ಆರಂಭಿಸಿದವರಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ವ್ಯಾಪಾರಿಗೆ ಇಂಥವರೊಬ್ಬರು ಊರಿನಲ್ಲಿದ್ದಾರೆಂದು ತಿಳಿಯಬೇಕಾದರೆ ಫೋನನ್ನೇ ನಂಬಬೇಕಾಗುತ್ತದೆ. ಆದರೆ ಎಲ್ಲಿಂದಲೋ ಸಂಖ್ಯೆಗಳ ಪಟ್ಟಿಯನ್ನು ಕೊಂಡುತಂದು ಒಂದೊಂದಾಗಿ ಒತ್ತುತ್ತ ಹೋಗುವ ದಾರಿಯನ್ನು ದಯವಿಟ್ಟು ಮೊದಲೇ ಕೈಬಿಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ, ಒಪ್ಪಿಗೆ ಕೊಡದವರಿಗೆ ನಮ್ಮ ಸಾಮಾನ್ಯ ಹತ್ತಂಕಿಯ ಸಂಖ್ಯೆಯಿಂದ ಪ್ರಚಾರದ ಕರೆ ಮಾಡುವಂತಿಲ್ಲ. ಬೇಸತ್ತವರು 1909ಕ್ಕೆ ದೂರು ಕೊಡಬಹುದು. 2025ರ ತಿದ್ದುಪಡಿಯ ನಂತರ ಹತ್ತು ದಿನಗಳಲ್ಲಿ ಐದು ದೂರು ಬಂದರೂ ಕ್ರಮಕ್ಕೆ ಸಾಕು.

ಹಾಗಾಗಿ ಕರೆಗಿಂತ ಮೊದಲು ಒಪ್ಪಿಗೆ ಪಡೆಯಬೇಕು. ಊರಿನಲ್ಲಿ ಯಾರು ಹೊಸ ಅಂಗಡಿ ತೆರೆಯಲಿದ್ದಾರೆ, ಯಾರು ಎರಡನೇ ಶಾಖೆಗೆ ಜಾಗ ನೋಡುತ್ತಿದ್ದಾರೆ ಎಂಬುದು ಫ್ಲೆಕ್ಸ್ ಮುದ್ರಿಸುವವರಿಗೆ, ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಮತ್ತು ಜಿಎಸ್‌ಟಿ ಲೆಕ್ಕ ನೋಡುವವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ. ಅವರ ಬಳಿ ಹೋಗಿ ಕುಳಿತು ನಿಮ್ಮ ಕೆಲಸವೇನೆಂದು ಹೇಳಿ, ‘ಇಂಥವರೊಬ್ಬರು ಫೋನ್ ಮಾಡಬಹುದೇ’ ಎಂದು ವ್ಯಾಪಾರಿಯನ್ನೇ ಕೇಳಿ ತಿಳಿಸುವಂತೆ ವಿನಂತಿಸಿ. ಹದಿನೈದು ದಿನ ತಿರುಗಿದರೆ ಏಳೆಂಟು ಹೆಸರು ಸಿಕ್ಕಾವು. ಮೊದಲ ತಿಂಗಳಿಗೆ ಅಷ್ಟು ಧಾರಾಳವಾಯಿತು.

ಹೆಸರು ಸಿಕ್ಕ ಕೂಡಲೇ ಫೋನ್ ಮಾಡಬೇಡಿ. ಆ ಅಂಗಡಿಗೆ ಗಿರಾಕಿಯಾಗಿ ಹೋಗಿ ಬನ್ನಿ, ಅವರ ಸರಕನ್ನು ಕೈಯಲ್ಲಿ ಹಿಡಿದು ನೋಡಿ. ಉದಾಹರಣೆಗೆ ದಾಲ್ ಮಿಲ್ಲಿನವರನ್ನೇ ತೆಗೆದುಕೊಳ್ಳೋಣ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್), ಅಂದರೆ ಇದು ಈ ನೆಲದ್ದೇ ವಿಶಿಷ್ಟ ಸರಕು ಎಂಬ ಅಧಿಕೃತ ಮಾನ್ಯತೆ ದೊರೆತಿದೆ. ಆದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳದೆ ಅದನ್ನು ಪೊಟ್ಟಣದ ಮೇಲೆ ಹಾಕಿಕೊಳ್ಳುವಂತಿಲ್ಲ. ಮಿಲ್ಲಿನ ಪೊಟ್ಟಣದಲ್ಲಿ ಆ ಗುರುತು ಕಾಣದಿದ್ದರೆ, ನೋಂದಣಿಯ ಬಗ್ಗೆ ವಿಚಾರಿಸಿಟ್ಟುಕೊಂಡು ಮಾತನಾಡುವ ಸಲಹೆಗಾರರಿಗೆ ಮಾಲೀಕರು ಕಿವಿಗೊಡುತ್ತಾರೆ. ‘ನಿಮ್ಮ ವ್ಯಾಪಾರ ಹೆಚ್ಚಿಸಿಕೊಡುತ್ತೇನೆ’ ಎಂಬ ಬರಿಯ ಮಾತನ್ನು ಅವರು ನೂರು ಸಲ ಕೇಳಿರುತ್ತಾರೆ.

ಹೊತ್ತು ನೋಡಿ ಕರೆ ಮಾಡುವುದು ಇನ್ನೊಂದು ಮುಖ್ಯ ಸಂಗತಿ. ತೊಗರಿಯ ರಾಶಿ ಮುಗಿದು ಆವಕ ಜೋರಾಗಿರುವ ದಿನಗಳಲ್ಲಿ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜಿನ ದಲಾಲರಿಗೆ ಬೆಳಿಗ್ಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಬಟ್ಟೆ ಅಂಗಡಿಯವರಿಗೆ ರಂಜಾನ್ ಮತ್ತು ದೀಪಾವಳಿಯ ಹಿಂದಿನ ವಾರಗಳೂ ಹಾಗೆಯೇ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತನ್ನೂ, ಬೇಸಿಗೆಯಲ್ಲಿ ಊಟದ ನಂತರದ ವಿಶ್ರಾಂತಿಯ ಹೊತ್ತನ್ನೂ ಬಿಡಿ.

ಮಾತು ಹೀಗೆ ಆರಂಭವಾಗಲಿ: ‘ನಮಸ್ಕಾರ್ರೀ ಸಾವ್ಕಾರ್ರ, ಪ್ರೆಸ್ಸಿನವರು ನನ್ನ ಬಗ್ಗೆ ಹೇಳಿದ್ರಂತಲ್ರಿ, ಎರಡು ನಿಮಿಷ ಮಾತಾಡಬಹುದೇನ್ರಿ?’ ಅವರು ಉರ್ದುವಿನಲ್ಲೋ ಹಿಂದಿಯಲ್ಲೋ ಉತ್ತರಿಸಿದರೆ, ಬಲ್ಲವರಾದರೆ ಅದೇ ಭಾಷೆಗೆ ಹೊರಳಿ. ನೀವು ಕಂಡ ಒಂದೇ ಒಂದು ಸಂಗತಿಯನ್ನು ಹೇಳಿ, ಹದಿನೈದು ನಿಮಿಷದ ಭೇಟಿಯನ್ನು ಕೇಳಿ ನಿಲ್ಲಿಸಿ. ಕೆಲಸವನ್ನು ಫೋನಿನಲ್ಲೇ ಒಪ್ಪಿಸಲು ಹೋಗಬಾರದು. ‘ಎಷ್ಟು ತಗೋತೀರಿ’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅದನ್ನು ತಪ್ಪಿಸಿದರೆ ಅನುಮಾನ ಹುಟ್ಟುತ್ತದೆಯಾದ್ದರಿಂದ, ಒಂದು ಸಣ್ಣ ಕೆಲಸಕ್ಕೆ ಇಷ್ಟೆಂದು ಮೊತ್ತವನ್ನು ಸ್ಪಷ್ಟವಾಗಿ ಹೇಳಿ, ಉಳಿದದ್ದು ಭೇಟಿಯಲ್ಲಿ ಎನ್ನಿ.

ಪ್ರತಿ ಕರೆಯ ನಂತರ ದಿನಾಂಕ, ಅವರು ಹೇಳಿದ ಮಾತು, ಮತ್ತೆ ಯಾವಾಗ ಮಾತನಾಡಬೇಕು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಜಾತ್ರಿ ಮುಗದ ಮ್ಯಾಲ ನೋಡೋಣ’ ಎಂದವರಿಗೆ ಶರಣಬಸವೇಶ್ವರರ ತೇರು ಎಳೆದು ವಾರವಾದ ಮೇಲೆ ಒಮ್ಮೆ ಕರೆ ಮಾಡಿ. ‘ಬ್ಯಾಡ್ರಿ’ ಎಂದವರ ಹೆಸರಿನ ಮೇಲೆ ಗೆರೆ ಎಳೆದು, ಪರಿಚಯ ಮಾಡಿಸಿದವರಿಗೆ ಅದೇ ದಿನ ತಿಳಿಸಿಬಿಡಿ.