ಎರಡನೇ ಭಾಗ ಆಡಲು ಮೊದಲನೆಯದು ಆಡಿರಲೇಬೇಕೇ?

ಆಫರ್‌ನಲ್ಲಿ ‘ವಿಚರ್ 3’ ಎಂಬ ವಿಡಿಯೋ ಗೇಮ್ ಕೊಂಡಾಗಿದೆ. ಇನ್‌ಸ್ಟಾಲ್ ಒತ್ತುವ ಹೊತ್ತಿಗೆ ಅನುಮಾನ: ಒಂದು, ಎರಡು ಆಡದೆ ನೇರ ಮೂರಕ್ಕೆ ಹೋದರೆ ಕಥೆ ತಲೆಗೆ ಹತ್ತೀತೇ? ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿ ಆಡುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಒಂದೊಂದು ಆಟವೂ ಹತ್ತಾರು ಗಂಟೆ ಕೇಳುತ್ತದೆ. ಹಾಸನದ ರೂಮಿನಲ್ಲಿ ಕೂತು ಸೆಮಿಸ್ಟರ್ ರಜೆಯ ದಿನ ಎಣಿಸುವವರಿಗೂ, ಮೂಡಿಗೆರೆ ಕಡೆ ತೋಟದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವರಿಗೂ ಅಷ್ಟು ಸಮಯ ಸುಮ್ಮನೆ ಸಿಗುವುದಿಲ್ಲ.

ಕಥೆ ತಿಳಿಯಬೇಕೆಂಬ ಒಂದೇ ಕಾರಣಕ್ಕೆ ಹಳೆಯ ಆಟ ಆಡಬೇಕಾಗಿಲ್ಲ. ಕಥೆಯನ್ನು ಅರ್ಧ ಗಂಟೆಯಲ್ಲಿ ಓದಿ ತಿಳಿದುಕೊಳ್ಳಬಹುದು. ಹಳೆಯ ಆಟದಲ್ಲಿ ನೀವು ತೆಗೆದುಕೊಂಡ ತೀರ್ಮಾನ ಹೊಸದರಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದಾದರೆ ಮಾತ್ರ ಆಡಿಯೇ ಮುಂದಕ್ಕೆ ಹೋಗಿ. ಬರುತ್ತದೋ ಇಲ್ಲವೋ ಎಂದು ಪತ್ತೆ ಮಾಡುವ ಕ್ರಮ ಇಲ್ಲಿದೆ.

ಹೆಜ್ಜೆ 1: ಅಂಕಿ ಬಿಡಿ, ನಾಯಕ ಯಾರೆಂದು ನೋಡಿ

ಹೆಸರಿನ ಪಕ್ಕದ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ‘ಫೈನಲ್ ಫ್ಯಾಂಟಸಿ’ಯಲ್ಲಿ ಪ್ರತಿ ಅಂಕಿಯೂ ಬೇರೆ ಲೋಕ, ಬೇರೆ ಜನ, 16 ಆಡಲು 15 ಬೇಡ. ಆದರೆ ಅದೇ ಸರಣಿಯ ‘10-2’ಕ್ಕೆ 10 ಆಡಿರಬೇಕು, 2024ರ ‘7 ರೀಬರ್ತ್’ಗೆ 2020ರ ‘7 ರೀಮೇಕ್’ ಆಡಿರಬೇಕು. ‘ಪರ್ಸೋನಾ’ದ 3, 4, 5 ಯಾವುದರಿಂದ ಬೇಕಾದರೂ ಶುರುಮಾಡಬಹುದು. ‘ಸ್ಕೈರಿಮ್’ (2011) ಅದರ ಹಿಂದಿನ ‘ಒಬ್ಲಿವಿಯನ್’ (2006) ಕಥೆಯ 200 ವರ್ಷಗಳ ನಂತರ ನಡೆಯುವುದರಿಂದ ಅಲ್ಲೂ ಚಿಂತೆಯಿಲ್ಲ.

‘ಬಾಲ್ಡರ್ಸ್ ಗೇಟ್ 3’ (2023) ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. ಮೊದಲೆರಡು ಬಂದದ್ದು 1998 ಮತ್ತು 2000ದಲ್ಲಿ. ಮೂರನೆಯದರ ಕಥೆ ನಡೆಯುವುದು ಅವುಗಳ ನಂತರ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಹಳೆಯ ಸೇವ್ (ಆಡಿದಷ್ಟನ್ನು ಉಳಿಸಿಟ್ಟ ಫೈಲ್) ಇಲ್ಲಿಗೆ ಬರುವುದೇ ಇಲ್ಲ. ಜಹೀರಾ, ಮಿನ್ಸ್ಕ್ ಎಂಬ ಹಳೆಯ ಪಾತ್ರಗಳು ಸಿಕ್ಕಾಗ ಹಳಬರಿಗೆ ಒಂದಿಷ್ಟು ಹೆಚ್ಚು ಖುಷಿಯಾಗುತ್ತದೆ, ಅಷ್ಟೇ. ಹಳೆಯವುಗಳ ನಿಯಮವೂ ಬೇರೆ. ಅಲ್ಲಿ ರಕ್ಷಾಕವಚದ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು, ಮೂರರಲ್ಲಿ ಹೆಚ್ಚಾದಷ್ಟೂ ಒಳ್ಳೆಯದು. ತಯಾರಿಯೆಂದು ಹಳೆಯದನ್ನು ಆಡಿದವರು ಹೊಸದಕ್ಕೆ ಬಂದ ಮೇಲೆ ಕಲಿತದ್ದನ್ನು ಮರೆಯಬೇಕಾಗುತ್ತದೆ.

ಇದಕ್ಕೆ ಪೂರ್ತಿ ವಿರುದ್ಧ ‘ಟ್ರೇಲ್ಸ್ ಇನ್ ದ ಸ್ಕೈ’. ಅದರ ಮೊದಲ ಆಟ ಮುಗಿಯುವುದೇ ಕಥೆಯ ನಡುವೆ. ಎರಡನೆಯದನ್ನು ಮೊದಲು ಮುಟ್ಟಲೇಬೇಡಿ.

ಹೆಜ್ಜೆ 2: ಸೇವ್ ಮುಂದಕ್ಕೆ ಬರುತ್ತದೆಯೇ?

ಹೊಸ ಆಟದ ‘ನ್ಯೂ ಗೇಮ್’ ಮೆನುವಿನಲ್ಲಿ ‘ಇಂಪೋರ್ಟ್’ ಎಂಬ ಆಯ್ಕೆ ಇದೆಯೇ ನೋಡಿ. ಇದ್ದರೆ ಅದು ಏನನ್ನು ಒಯ್ಯುತ್ತದೆ, ಇಂಪೋರ್ಟ್ ಮಾಡದಿದ್ದರೆ ಆಟವೇ ಏನನ್ನು ತೀರ್ಮಾನಿಸುತ್ತದೆ ಎಂಬುದನ್ನು ತಿಳಿಯಬೇಕು. ಎರಡನೆಯದನ್ನು ಹೆಚ್ಚಿನವರು ವಿಚಾರಿಸುವುದಿಲ್ಲ, ಪೆಟ್ಟು ಬೀಳುವುದು ಅಲ್ಲೇ.

‘ಮಾಸ್ ಎಫೆಕ್ಟ್’ (2007, 2010, 2012) ಇದಕ್ಕೆ ಒಳ್ಳೆಯ ಉದಾಹರಣೆ. ಮೂರೂ ಭಾಗಗಳಲ್ಲಿ ನಾಯಕಪಾತ್ರ ಶೆಪರ್ಡ್ ಒಬ್ಬರೇ, ಸೇವ್ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹರಿಯುತ್ತದೆ. (ಮುಂದಿನ ನಾಲ್ಕು ಸಾಲಿನಲ್ಲಿ ಕಥೆಯ ಗುಟ್ಟು ಇದೆ, ಬೇಡದವರು ದಾಟಿಕೊಳ್ಳಿ.) ಮೊದಲ ಆಟದ ವರ್ಮಾಯರ್ ಎಂಬ ಗ್ರಹದಲ್ಲಿ ನಿಮ್ಮ ತಂಡದ ರೆಕ್ಸ್ ಬಂದೂಕು ಹಿಡಿದು ನಿಮಗೇ ಎದುರು ನಿಲ್ಲುತ್ತಾನೆ. ಮಾತಿನಲ್ಲಿ ಒಲಿಸುವ ಅಥವಾ ಬೆದರಿಸುವ ಕೌಶಲಕ್ಕೆ ಸಾಕಷ್ಟು ಅಂಕ ಹಾಕಿದ್ದರೆ, ಇಲ್ಲವೇ ಅವನ ಮನೆತನದ ಕವಚವನ್ನು ಮೊದಲೇ ಹುಡುಕಿಕೊಟ್ಟಿದ್ದರೆ ಅವನು ಬದುಕುತ್ತಾನೆ. ಸೇವ್ ಇಲ್ಲದೆ, ಏನೂ ಆರಿಸದೆ ನೇರ ಎರಡನೆಯದು ಶುರುಮಾಡಿದರೆ ಆಟ ರೆಕ್ಸ್ ಸತ್ತಿದ್ದಾನೆ ಎಂದೇ ಹಿಡಿಯುತ್ತದೆ. ಎರಡು ಆಟಗಳುದ್ದಕ್ಕೂ ಅವನ ಜಾಗದಲ್ಲಿ ಬೇರೊಬ್ಬ ಇರುತ್ತಾನೆ, ಹೊಸಬರಿಗೆ ಏನು ಕಳೆದುಕೊಂಡೆ ಎಂಬುದೂ ತಿಳಿಯುವುದಿಲ್ಲ. 2021ರ ‘ಲೆಜೆಂಡರಿ ಎಡಿಷನ್’ನಲ್ಲಿ ಮೂರೂ ಒಟ್ಟಿಗೆ ಸಿಗುವುದರಿಂದ ನಮ್ಮ ಸಲಹೆ ಒಂದೇ: ಮೊದಲನೆಯದರಿಂದ ಶುರುಮಾಡಿ. ಮುಖ್ಯ ಕಥೆ 20 ಗಂಟೆಯೊಳಗೆ ಮುಗಿಯುತ್ತದೆ. ತೀರಾ ಆಗದಿದ್ದರೆ ಅದರಲ್ಲೇ ಇರುವ ‘ಜೆನೆಸಿಸ್’ ಎಂಬ ಚಿತ್ರಕಥೆಯಲ್ಲಿ ಮುಖ್ಯ ತೀರ್ಮಾನಗಳನ್ನು ಆರಿಸಿಕೊಂಡು ಎರಡಕ್ಕೆ ಹೋಗಬಹುದು.

‘ವಿಚರ್ 3’ (2015) ಹೊಸಬರಿಗೆ ಹೆಚ್ಚು ಉದಾರಿ. ಆಟ ಶುರುಮಾಡುವಾಗ ‘ವಿಚರ್ 2’ ಸೇವ್ ಇದ್ದಂತೆ ನಟಿಸುವ ಆಯ್ಕೆಯನ್ನು ‘ಆನ್’ ಮಾಡಿ. ಮುಂದೆ ವಿಜಿಮಾದ ಅರಮನೆಯಲ್ಲಿ ನಾಯಕ ಗೆರಾಲ್ಟ್‌ಗೆ ಕ್ಷೌರ ಮಾಡಿಸುವಾಗ ಒಬ್ಬ ಸೇನಾಧಿಕಾರಿ ಪಕ್ಕದಲ್ಲಿ ಕೂತು ಹಿಂದಿನದನ್ನೆಲ್ಲ ಕೇಳುತ್ತಾನೆ. ನಿಮ್ಮ ಉತ್ತರವೇ ಹಿಂದಿನ ಆಟದ ಇತಿಹಾಸವಾಗುತ್ತದೆ. ಲೆಥೊ ಎಂಬವನನ್ನು ಕೊಂದಿಲ್ಲ ಎಂದು ಹೇಳಿ. ಅವನು ಬದುಕಿದ್ದರೆ ಮುಂದೆ ಅವನದೇ ಒಂದು ಕೆಲಸ ಸಿಗುತ್ತದೆ, ದೊಡ್ಡ ಕಾಳಗಕ್ಕೆ ನೆರವೂ ಆಗುತ್ತಾನೆ. ಇಷ್ಟು ಮಾಡಿದರೆ ಹಿಂದಿನ ಎರಡು ಆಡದಿದ್ದರೂ ನಡೆಯುತ್ತದೆ. 2007ರ ಮೊದಲ ಆಟದ ಕತ್ತಿವರಸೆ ತಾಳಕ್ಕೆ ಸರಿಯಾಗಿ ಮೌಸ್ ಒತ್ತುವಂಥದ್ದು. ಈಗಿನವರು ಎರಡನೇ ಅಧ್ಯಾಯದೊಳಗೆ ಸುಸ್ತಾಗುತ್ತಾರೆ. ಅದರ ರೀಮೇಕ್ ಮಾಡುವುದಾಗಿ ಕಂಪನಿ 2022ರಲ್ಲೇ ಪ್ರಕಟಿಸಿದೆ, ಕಾಯಬಹುದು. 2011ರ ಎರಡನೆಯದನ್ನು ಮಾತ್ರ ಸಮಯವಿದ್ದವರು ಆಡಿ. ರೋಶ್ ಎಂಬವನ ಕಡೆ ಹೋದಿರೋ ಅಯೋರ್ವೆತ್ ಕಡೆ ಹೋದಿರೋ ಎಂಬುದರ ಮೇಲೆ ಅದರ ನಡುವಿನ ಅಧ್ಯಾಯ ಪೂರ್ತಿ ಬದಲಾಗುತ್ತದೆ. ಅಂಥ ಧೈರ್ಯ ತೋರಿದ ಆಟಗಳು ಕಡಿಮೆ.

‘ಡ್ರ್ಯಾಗನ್ ಏಜ್: ವೇಲ್‌ಗಾರ್ಡ್’ (2024) ಕೇಳುವುದು ‘ಇನ್‌ಕ್ವಿಸಿಷನ್’ನ (2014) ಮೂರೇ ತೀರ್ಮಾನ. ಆದ್ದರಿಂದ 2009ರ ‘ಒರಿಜಿನ್ಸ್’ ಅನ್ನು ತೀರ್ಮಾನ ಒಯ್ಯಲೆಂದು ಆಡಿದರೆ ಲಾಭವಿಲ್ಲ. ಮುಖ್ಯ ಪಾತ್ರವಾದ ಸೋಲಸ್‌ನ ಮನಸ್ಸು ಅರ್ಥವಾಗಬೇಕಾದರೆ ಮಾತ್ರ ‘ಇನ್‌ಕ್ವಿಸಿಷನ್’ ಮತ್ತು ಅದರ ‘ಟ್ರೆಸ್‌ಪಾಸರ್’ ಕಂತು ಬೇಕೇ ಬೇಕು.

‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2’ (2025) ನಡುವಿನ ಜಾತಿಯದು. ಸೇವ್ ಬರುವುದಿಲ್ಲ, ಆದರೆ ಹೆನ್ರಿಯೇ ನಾಯಕ, ಮೊದಲನೆಯದು (2018) ಬಿಟ್ಟಲ್ಲಿಂದಲೇ 1403ರ ಬೊಹೆಮಿಯಾದ ಕಥೆ ಮುಂದುವರಿಯುತ್ತದೆ. ಹೆನ್ರಿಗೂ ಹಾನ್ಸ್ ಕೇಪನ್‌ಗೂ ಸ್ನೇಹ ಬೆಳೆದ ಬಗೆ ಮೊದಲ ಆಟದಲ್ಲಿದೆ. ಸುಮಾರು 40 ಗಂಟೆ ಕೊಡಬಲ್ಲವರು ಕೊಡಿ. ಈ ಸರಣಿಗೆ ಅಷ್ಟು ಯೋಗ್ಯತೆ ಇದೆ.

ಹೆಜ್ಜೆ 3: ಗಂಟೆ ಮತ್ತು ಜಿಬಿ ಲೆಕ್ಕ

ವಾರಕ್ಕೆ 8 ಗಂಟೆ ಆಡುವವರಿಗೆ 40 ಗಂಟೆಯ ಆಟ ಐದು ವಾರ. ಹಳೆಯದು, ಹೊಸದು ಸೇರಿ 90 ಗಂಟೆಯಾದರೆ ಮೂರು ತಿಂಗಳ ಹತ್ತಿರ. ತೋಟದ ಮನೆಯವರು ಜೂನ್‌ನಲ್ಲಿ ಶುರುಮಾಡಿದರೆ ಕಾಫಿ ಕೊಯ್ಲಿಗೆ ಮುಂಚೆ ಮುಗಿಯುತ್ತದೆ. ನವೆಂಬರ್‌ನಲ್ಲಿ ಹಿಡಿದರೆ ನಡುವೆ ಬಿಟ್ಟುಹೋಗುತ್ತದೆ, ಎರಡು ತಿಂಗಳ ನಂತರ ತೆರೆದಾಗ ಯಾವ ಗುಂಡಿ ಯಾವುದಕ್ಕೆ ಎಂಬುದೂ ನೆನಪಿರುವುದಿಲ್ಲ.

‘ಲೆಜೆಂಡರಿ ಎಡಿಷನ್’ಗೆ ಪಿ.ಸಿ.ಯಲ್ಲಿ 120 ಜಿಬಿ ಜಾಗ ಬೇಕು. ಅಷ್ಟನ್ನೂ ಇಳಿಸಿಕೊಳ್ಳಲು 40 ಎಂಬಿಪಿಎಸ್ ಫೈಬರ್‌ನಲ್ಲಿ ಏಳು ಗಂಟೆ ಹತ್ತಿರ ಸಾಕು. ದಿನಕ್ಕೆ 1.5 ಜಿಬಿ ಮೊಬೈಲ್ ಡೇಟಾ ನಂಬಿದರೆ 80 ದಿನ. ಕಳಸ, ಕೊಪ್ಪದ ಒಳಗಿನ ಊರುಗಳವರು ಪೇಟೆಯಲ್ಲಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಆಟ ಮಾರುವ ತಾಣವಾದ ಸ್ಟೀಮ್‌ನ ಬ್ಯಾಕಪ್ ಸೌಲಭ್ಯದಿಂದ ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕಿ, ಮನೆಯಲ್ಲಿ ತಮ್ಮದೇ ಖಾತೆಯಲ್ಲಿ ರಿಸ್ಟೋರ್ ಮಾಡುವುದು ಸುಲಭ. ಡ್ರೈವ್ ‘ಫ್ಯಾಟ್32’ ಆಗಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಕೂರುವುದಿಲ್ಲ, ಕಾಪಿ ನಡುವೆ ನಿಲ್ಲುತ್ತದೆ. ‘ಎಕ್ಸ್‌ಫ್ಯಾಟ್’ ಅಥವಾ ‘ಎನ್‌ಟಿಎಫ್‌ಎಸ್’ಗೆ ಫಾರ್ಮ್ಯಾಟ್ ಮಾಡಿ, ಮೊದಲು ಅದರಲ್ಲಿರುವುದನ್ನೆಲ್ಲ ಬೇರೆಡೆ ತೆಗೆದಿಡಿ. ಈ ಆಟಕ್ಕೆ ಸ್ಟೀಮ್ ಜೊತೆ ‘ಇಎ ಆ್ಯಪ್’ ಕೂಡ ಬೇಕು, ಅದನ್ನೂ ಪೇಟೆಯ ಇಂಟರ್ನೆಟ್ ಇರುವಾಗಲೇ ಹಾಕಿಕೊಳ್ಳಿ.

ಹೆಜ್ಜೆ 4: ಹಳೆಯದನ್ನು ಬೇಗ ಮುಗಿಸುವ ದಾರಿ

ಸುಲಭ ಮಟ್ಟದಲ್ಲಿ ಆಡಿ, ನಾಚಿಕೆ ಬೇಡ. ಕಥೆಗಾಗಿ ಬಂದವರು ಒಂದೇ ಕಾಳಗದಲ್ಲಿ ಅರ್ಧ ಗಂಟೆ ಕಳೆಯುವ ಅಗತ್ಯವಿಲ್ಲ. ‘ಮಾಸ್ ಎಫೆಕ್ಟ್’ನಲ್ಲಿ ಮಾಕೋ ಗಾಡಿ ಓಡಿಸಿಕೊಂಡು ಹೋಗುವ ಬೋಳು ಗ್ರಹಗಳನ್ನು, ಮುಂದೆ ಹೇಳುವ ಟುಂಟಾವ್ ಒಂದನ್ನುಳಿದು, ಬಿಡಬಹುದು. ಬಿಡಬಾರದ್ದು: ಬಾಹ್ಯಾಕಾಶ ನಿಲ್ದಾಣ ಸಿಟಡೆಲ್‌ನಲ್ಲಿ ಸಿಗುವ ತಂಡದವರೆಲ್ಲರನ್ನೂ ಸೇರಿಸಿಕೊಳ್ಳುವುದು, ಪ್ರತಿ ಮುಖ್ಯ ಕೆಲಸದ ನಂತರ ಹಡಗಿನಲ್ಲಿ ಅವರ ಜೊತೆ ಮಾತಾಡುವುದು. ಹಾಗೆ ಮಾತಾಡಿದರೇ ರೆಕ್ಸ್‌ನ ಕವಚದ ವಿಷಯ ಹೊರಬರುವುದು. ಅದು ಆರ್ಗೋಸ್ ರೋ ಗುಂಪಿನ ಫೀನಿಕ್ಸ್ ಮಂಡಲದ ಟುಂಟಾವ್ ಗ್ರಹದಲ್ಲಿದೆ. ವರ್ಮಾಯರ್‌ಗೆ ಹೋಗುವ ಮುಂಚೆ ತಂದುಕೊಡಿ.

ಹೆಜ್ಜೆ 5: ಸೇವ್ ಕಾಪಾಡುವುದು

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮ್ಮ ಕಡೆ ಹೊಸದಲ್ಲ. ಸೇವ್ ಬರೆಯುತ್ತಿರುವ ಕ್ಷಣದಲ್ಲೇ ಕರೆಂಟ್ ಹೋದರೆ ಆ ಫೈಲ್ ಹಾಳಾಗಬಹುದು. ಒಂದೇ ಸ್ಲಾಟ್ ಮೇಲೆ ಮತ್ತೆ ಮತ್ತೆ ಬರೆಯಬೇಡಿ. ಮೂರು ಸ್ಲಾಟ್ ಸರದಿಯಲ್ಲಿ ಬಳಸಿ. ಡೆಸ್ಕ್‌ಟಾಪ್ ಅನ್ನು ಮನೆಯ ಇನ್ವರ್ಟರ್‌ಗೆ ಕೊಟ್ಟಿದ್ದರೆ ಅದರ ಸ್ವಿಚ್ ‘ಯುಪಿಎಸ್’ ಮೋಡ್‌ನಲ್ಲಿರಲಿ. ‘ನಾರ್ಮಲ್’ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವುದು ನಿಧಾನ, ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸಾಮಾನ್ಯ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಪಿ.ಸಿ. ಆಟದ ನಡುವೆ ಅದನ್ನು ಮೀರಿದರೆ ಯುಪಿಎಸ್ಸೇ ಟ್ರಿಪ್ ಆಗುತ್ತದೆ. ‘ಕಿಂಗ್‌ಡಮ್ ಕಮ್’ ಮೊದಲ ಭಾಗದಲ್ಲಿ ಬೇಕೆಂದಾಗಲೆಲ್ಲ ಸೇವ್ ಮಾಡಲಾಗದು. ಒಂದು ಬಗೆಯ ಮದ್ಯ ಕುಡಿಯಬೇಕು, ಇಲ್ಲವೇ ಹಾಸಿಗೆಯಲ್ಲಿ ಮಲಗಬೇಕು. ಗಾಳಿ ಜೋರಾದರೆ ಮೆನುವಿನ ‘ಸೇವ್ ಅಂಡ್ ಕ್ವಿಟ್’ ಒತ್ತಿ ಎದ್ದುಬಿಡಿ.

ಕೊನೆಯ ಕಾಳಗ ಮುಗಿದ ಮೇಲೆ ಹೆಸರುಗಳ ಪಟ್ಟಿ ಪೂರ್ತಿ ಓಡಿ, ಮುಖ್ಯ ಮೆನು ಬರುವವರೆಗೆ ಆಟ ಮುಚ್ಚಬೇಡಿ. ಮುಂದಿನ ಭಾಗಕ್ಕೆ ಬೇಕಾಗುವುದು ಮುಗಿದ ಆಟದ ಸೇವ್. ‘ವಿಚರ್ 3’ ತನಗೆ ಬೇಕಾದ ಸೇವ್ ಹುಡುಕುವುದು ಡಾಕ್ಯುಮೆಂಟ್ಸ್ ಒಳಗಿನ ‘ವಿಚರ್ 2’ರ ‘ಗೇಮ್‌ಸೇವ್ಸ್’ ಫೋಲ್ಡರಿನಲ್ಲಿ. ಸ್ಟೀಮ್ ಕ್ಲೌಡ್ ಬಳಸಿದ್ದರೆ ಸೇವ್ ಅಲ್ಲಿರದೆ ಸ್ಟೀಮ್‌ನ ‘ಯೂಸರ್‌ಡೇಟಾ’ದಲ್ಲಿ, ನಿಮ್ಮ ಖಾತೆಯ ಅಂಕಿಯೊಳಗೆ, 20920 ಎಂಬ ಫೋಲ್ಡರಿನ ‘ರಿಮೋಟ್’ನಲ್ಲಿ ಕೂತಿರಬಹುದು. ಅಲ್ಲಿಂದ ಕಾಪಿ ಮಾಡಿ ಇಲ್ಲಿ ಹಾಕಿ, ನಂತರ ಆಟ ತೆರೆಯಿರಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನವರಿಗೆ ಕ್ಷೌರದ ಕುರ್ಚಿಯ ಪ್ರಶ್ನೋತ್ತರವೇ ಗತಿ.

ಇಂಟರ್ನೆಟ್ ಇಲ್ಲದೆ ಹಲವು ದಿನ ಆಡಿ ಮತ್ತೆ ಆನ್‌ಲೈನ್ ಹೋದಾಗ, ಕ್ಲೌಡ್‌ನಲ್ಲಿರುವುದು ಉಳಿಯಲೋ ಕಂಪ್ಯೂಟರಿನದು ಉಳಿಯಲೋ ಎಂದು ಸ್ಟೀಮ್ ಕೇಳಬಹುದು. ಅವಸರದಲ್ಲಿ ಒತ್ತಬೇಡಿ. ಎರಡರ ದಿನಾಂಕ, ಸಮಯ ಓದಿ ಹೊಸದನ್ನು ಆರಿಸಿ. ತಪ್ಪಿ ಹಳೆಯದನ್ನು ಒತ್ತಿದರೆ ನಡುವೆ ಆಡಿದ್ದೆಲ್ಲ ಹೋಗುತ್ತದೆ.

ಆಡುವುದಿಲ್ಲ ಎಂದು ತೀರ್ಮಾನಿಸಿದರೆ

ಅರ್ಧ ಗಂಟೆ ಮೀರದ ಒಂದು ಕಥಾಸಾರ ನೋಡಿ, ಹೊಸ ಆಟದ ಹೆಸರಿಟ್ಟು ಹುಡುಕಬೇಡಿ. ಸರ್ಚ್ ಪೆಟ್ಟಿಗೆಯ ಸಲಹೆಗಳೇ ಕೊನೆಯ ಗುಟ್ಟು ಬಿಟ್ಟುಕೊಡುತ್ತವೆ. ಒಂದು ಚೀಟಿಯಲ್ಲಿ ಐದು ಹೆಸರು, ಅವರು ನಾಯಕನಿಗೆ ಏನಾಗಬೇಕು ಎಂಬುದನ್ನು ಬರೆದಿಟ್ಟುಕೊಂಡರೆ ಮೊದಲ ಹತ್ತು ಗಂಟೆ ಸಲೀಸು.

ಆಗಲೇ ಎರಡನೆಯದನ್ನು ಶುರುಮಾಡಿಬಿಟ್ಟಿದ್ದು, ಐದಾರು ಗಂಟೆಯೊಳಗಿದ್ದರೆ ನಿಲ್ಲಿಸಿ ಹಿಂದಕ್ಕೆ ಹೋಗಬಹುದು. ಅದಕ್ಕೂ ಮುಂದೆ ಹೋಗಿದ್ದರೆ ಅದನ್ನೇ ಮುಗಿಸಿ. ಹೊಸದರ ನಯವಾದ ಹಿಡಿತಕ್ಕೆ ಕೈ ಪಳಗಿದ ಮೇಲೆ ಹಳೆಯದು ಇನ್ನಷ್ಟು ಒರಟೆನಿಸುತ್ತದೆ. ನಡುವೆ ಒಂದೆರಡು ತಿಂಗಳು ಬಿಟ್ಟು ಮೊದಲ ಭಾಗ ತೆರೆಯುವುದು ಒಳ್ಳೆಯದು.