ಸಭಾಂಗಣದೊಳಗೆ ಗುರುಗ್ರಹ: ಗೆಲಿಲಿಯೋ ದೂರದರ್ಶಕದ ನನ್ನ ಅನುಭವ

ಖಗೋಳ ವೀಕ್ಷಣೆಯ ಉಪಕರಣಗಳ ಪ್ರದರ್ಶನವೆಂದರೆ ಗಾಜಿನ ಪೆಟ್ಟಿಗೆ, ಪಕ್ಕದಲ್ಲೊಂದು ಫಲಕ ಎಂದೇ ಹೆಚ್ಚಿನವರ ಲೆಕ್ಕ. ಜನ ಕಣ್ಣಿಟ್ಟು ನೋಡುವಂಥ ಗೆಲಿಲಿಯೋ ದೂರದರ್ಶಕ ಬೇಕೆಂದು ನಾನು ಹಟ ಹಿಡಿದಾಗ, ‘ಹಗಲು ಹೊತ್ತಿನಲ್ಲಿ, ಅದೂ ಸೂರಿನಡಿ, ಗುರುಗ್ರಹವನ್ನು ಎಲ್ಲಿಂದ ತರುತ್ತೀರಿ?’ ಎಂದು ನಕ್ಕರು. ತಂದು ತೋರಿಸಿದೆ.

ಫ್ಲಾರೆನ್ಸ್‌ನಲ್ಲಿ ಉಳಿದಿರುವ ಮೂಲ ಉಪಕರಣಗಳಲ್ಲೊಂದರ ವಸ್ತುಮಸೂರದ, ಅಂದರೆ ಮುಂದಿನ ಉಬ್ಬು ಮಸೂರದ, ನಾಭಿದೂರ 980 ಮಿ.ಮೀ., ವ್ಯಾಸ 37, ಬೆಳಕಿಗೆ ತೆರೆದಿರುವುದು 15 ಮಾತ್ರ. ಅದರ ಸನಿಹದ್ದು ಕನ್ನಡಕದ ಅಂಗಡಿಯಲ್ಲೇ ಸಿಗುತ್ತದೆ: ಪ್ಲಸ್ 1 ಪವರ್. ಕಣ್ಣಿನ ತುದಿಗೆ ಬೇಕಾದ ಮೈನಸ್ 20ರ ತಗ್ಗು ಮಸೂರಕ್ಕೆ ಮಾತ್ರ ಚಪ್ಪಲಿ ಸವೆಸಬೇಕಾಯಿತು. ಕಡೆಗೆ ಕಣ್ಣು ಪರೀಕ್ಷಿಸುವ ಹಳೆಯ ಪೆಟ್ಟಿಗೆಯೊಂದರಿಂದ ಬಂತು. ಎಲ್ಲ ಸೇರಿ ಒಂದಕ್ಕೆ ಸಾವಿರದೈನೂರರ ಆಸುಪಾಸು. ಪ್ರದರ್ಶನದವರು ಶೋಭೆಗೆಂದು ತರಿಸಿದ್ದ ಹಿತ್ತಾಳೆಯ ದೂರದರ್ಶಕಕ್ಕೆ ಏಳೆಂಟು ಸಾವಿರ ತೆತ್ತಿದ್ದರು. ಅದರಲ್ಲಿ ಎದುರಿನ ಬಾಗಿಲೂ ನೆಟ್ಟಗೆ ಕಾಣದು.

ರಟ್ಟಿನ ಕೊಳವೆ ಮಳೆಗಾಲದ ತೇವಕ್ಕೆ ಬಾಗಿತು, ಪಿವಿಸಿಗೆ ಹೋದೆ. ಟ್ರೈಪಾಡ್ ಮೇಲಿಟ್ಟರೆ ಯಾರಾದರೂ ನಡೆದಾಗಲೆಲ್ಲ ಚಿತ್ರ ಕುಣಿಯುತ್ತಿತ್ತು. ಗೋಡೆಗೆ ಕಬ್ಬಿಣದ ಆ್ಯಂಗಲ್ ಹೊಡೆಸಿದ ಮೇಲೆ ನಿಂತಿತು. ಎಲ್ಲಕ್ಕಿಂತ ಕಾಡಿದ್ದು ಫೋಕಸ್. ಗುರಿ 20 ಮೀಟರ್ ಆಚೆಗಿದ್ದರೆ, ಆಕಾಶಕ್ಕೆ ಹೊಂದಿಸಿದ ಕೊಳವೆಯನ್ನು ಇನ್ನೂ ಐದು ಸೆಂಟಿಮೀಟರಿನಷ್ಟು ಹೊರಗೆಳೆಯಬೇಕು. ಒಳಕೊಳವೆಯ ಉದ್ದ ಸಾಲದೆ ಮೊದಲಿನ ಜೋಡಿ ಕೊಳವೆ ಮೂಲೆ ಸೇರಿತು.

ಗುರಿಯೆಂದರೆ ಕಪ್ಪು ತಗಡು, ಹಿಂದೆ ಎಲ್‌ಇಡಿ. ಗುರುವಿಗೆ 4 ಮಿ.ಮೀ. ತೂತು, ಉಪಗ್ರಹಗಳಿಗೆ ಸೂಜಿಮೊನೆ. ಅತಿ ದೂರದ್ದು ಗುರುವಿನಿಂದ ಐದಾರು ಸೆಂಟಿಮೀಟರ್.  1610ರ ಜನವರಿ 7ರ ತಗಡಿನಲ್ಲಿ ಮೂರು ಚುಕ್ಕಿ, 13ರದರಲ್ಲಿ ನಾಲ್ಕು. ಆ ರಾತ್ರಿಗಳಲ್ಲಿ ಗೆಲಿಲಿಯೋ ಕಂಡದ್ದೂ ಹಾಗೆಯೇ. ಪಕ್ಕದಲ್ಲಿ 17 ಸೆಂ.ಮೀ. ಅಗಲದ ಚಂದ್ರ. ಒಂದೇ ನೋಟಕ್ಕೆ ಅರ್ಧದಷ್ಟೂ ಹಿಡಿಯದು. ‘ಕೆಟ್ಟಿದೆಯೇ?’ ಎಂದು ಕೇಳಿದವರಿಗೆ, ಗೆಲಿಲಿಯೋಗೂ ಇಷ್ಟೇ ದಕ್ಕಿದ್ದು ಎನ್ನುತ್ತಿದ್ದೆ. ತುದಿಯ 15 ಮಿ.ಮೀ. ರಟ್ಟಿನ ಬಳೆ ತೆಗೆದರೆ ಅಂಚಿಗೆಲ್ಲ ಬಣ್ಣ, ಮಸುಕು. ಮಕ್ಕಳು ಅದನ್ನು ಹಾಕಿ ತೆಗೆದು ಆಡುವುದರಲ್ಲೇ ಸಾಲು ಬಾಗಿಲಾಚೆ ಬೆಳೆಯುತ್ತಿತ್ತು. ಗಾಜಿನ ಪೆಟ್ಟಿಗೆಯ ಮುಂದೆ ಕಾವಲುಗಾರನೊಬ್ಬನೇ.

ಎರಡೂ ತುದಿಗೆ ಉಬ್ಬು ಮಸೂರವಿರುವ ಕೆಪ್ಲರ್ ಮಾದರಿಯನ್ನೂ ಮಾಡಿದೆ. ನೋಟ ವಿಶಾಲ, ಆದರೆ ತಲೆಕೆಳಗು. ಚಂದ್ರನಿಗೆ ಯಾರೂ ತಕರಾರು ಮಾಡಲಿಲ್ಲ, ಗೆಳೆಯನ ಮುಖ ತಿರುಗಿದ್ದಕ್ಕೆ ಗಲಾಟೆ.

ಅಂಗಳದಲ್ಲಿ ಸಮ್ರಾಟ್ ಯಂತ್ರದ, ಅಂದರೆ ಜೈಪುರದ ದೊಡ್ಡ ನೆರಳು ಗಡಿಯಾರದ, ಕಿರುಮಾದರಿಯಿತ್ತು. ಜೈಪುರದ ಅಳತೆ, 27 ಡಿಗ್ರಿ ಇಳಿಜಾರು. ಇಳಿಜಾರು ಊರಿನ ಅಕ್ಷಾಂಶದಷ್ಟೇ ಇರಬೇಕು, ಬೆಂಗಳೂರಿಗೆ ಬೇಕಾದದ್ದು 13. ಹೊಸದಕ್ಕೆ ಹಣವಿಲ್ಲವೆಂದರು. ದಕ್ಷಿಣದ ಕಡೆಗೆ 14 ಡಿಗ್ರಿಯ ಮರದ ಬೆಣೆ ಕೊಟ್ಟು ಎತ್ತಿದೆ, ಬಡಗಿಯ ಕೂಲಿಯಷ್ಟೇ ಖರ್ಚು. ನೆರಳು ದಾರಿಗೆ ಬಂತು. ಗಡಿಯಾರಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ ತೋರಿಸುವುದು ಬೆಂಗಳೂರಿನ ರೇಖಾಂಶದ್ದು, ತಿಂಗಳಿಂದ ತಿಂಗಳಿಗೆ ಆ ಅಂತರ ಏರಿಳಿಯುವುದು ಸೂರ್ಯನದ್ದು. ಎರಡಕ್ಕೂ ತಿದ್ದುಪಡಿಯ ಪಟ್ಟಿ ಬರೆದು ಬೆಣೆಯ ಮೇಲೆಯೇ ಅಂಟಿಸಿದೆ.